ಹ್ಯಾಂಡ್ಲರ್ ಇರಬೇಕಾದ ಮೆಟ್ಟಿಲು

ಕಂಪ್ಯೂಟರಿನ ಪರದೆಯ ಮೇಲಿರುವ ಬಟನ್ನೊಂದನ್ನು ಒತ್ತಿದಾಗ ನಡೆಯುವ ಕೆಲಸವನ್ನು ಆ ಬಟನ್ನೇ ಮಾಡುತ್ತದೆ ಎಂಬುದು ಬಳಕೆದಾರರ ಸಹಜ ಭಾವನೆ. ತಂತ್ರಾಂಶದ ಒಳಗಿನ ವ್ಯವಸ್ಥೆ ಇದಕ್ಕಿಂತ ಭಿನ್ನವಾದುದು. ಅಲ್ಲಿ ಪ್ರತಿಯೊಂದು ಒತ್ತುವಿಕೆಯೂ ಮೊದಲು ಒಂದು ಸಂದೇಶವಾಗಿ ಮಾರ್ಪಡುತ್ತದೆ. ಆ ಸಂದೇಶವು ಬಟನ್ನಿನಿಂದ ಹೊರಟು, ಬಟನ್ನನ್ನು ಒಳಗೊಂಡ ಪುಟ, ಪುಟವನ್ನು ಒಳಗೊಂಡ ಕಡತ, ಕಡತವನ್ನು ನಡೆಸುವ ಮುಖ್ಯ ತಂತ್ರಾಂಶ ಎಂಬ ಕ್ರಮದಲ್ಲಿ ಒಂದೊಂದೇ ಹಂತವನ್ನು ಹತ್ತುತ್ತ, ತನಗೆ ಉತ್ತರವಾಗಿ ಬರೆದ ಆದೇಶ ಎಲ್ಲಿ ಸಿಗುತ್ತದೋ ಅಲ್ಲಿ ನಿಲ್ಲುತ್ತದೆ. ಹೀಗೆ ಸಂದೇಶಕ್ಕೆ ಉತ್ತರವಾಗಿ ಬರೆದಿಟ್ಟ ಆದೇಶಗಳ ಕಟ್ಟನ್ನು ತಂತ್ರಾಂಶ ಬರೆಯುವವರು ಹ್ಯಾಂಡ್ಲರ್ ಎಂದು ಕರೆಯುತ್ತಾರೆ. ಸಂದೇಶ ಹತ್ತಿಹೋಗುವ ಮೆಟ್ಟಿಲುಗಳ ಸಾಲೇ ಸಂದೇಶದ ದಾರಿ. ಹ್ಯಾಂಡ್ಲರಿನೊಳಗೆ ಏನು ಬರೆಯಬೇಕೆಂಬುದನ್ನು ಪಠ್ಯಪುಸ್ತಕಗಳು ವಿವರವಾಗಿ ಕಲಿಸುತ್ತವೆ; ಅದನ್ನು ಯಾವ ಮೆಟ್ಟಿಲಿನಲ್ಲಿ ಬರೆಯಬೇಕೆಂಬ ಪ್ರಶ್ನೆಗೆ ಅಷ್ಟು ಗಮನ ಸಿಗುವುದಿಲ್ಲ. ಆದರೆ ತಂತ್ರಾಂಶವೊಂದು ವರ್ಷಗಳು ಕಳೆದ ಮೇಲೂ ತಿದ್ದಲು ಸುಲಭವಾಗಿ ಉಳಿಯುತ್ತದೆಯೇ ಎಂಬುದು ಬಹುಮಟ್ಟಿಗೆ ಈ ಎರಡನೆಯ ಪ್ರಶ್ನೆಗೆ ಸಿಕ್ಕ ಉತ್ತರವನ್ನೇ ಅವಲಂಬಿಸಿರುತ್ತದೆ.

ಹಳೆಯ ಬಗೆಯ ಪ್ರೋಗ್ರಾಂಗಳಲ್ಲಿ ಇಂಥ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಮೊದಲ ಸಾಲಿನಿಂದ ಆರಂಭವಾಗಿ ಕೊನೆಯ ಸಾಲಿನವರೆಗೆ ನಡೆಯುವ ಪ್ರೋಗ್ರಾಂ ತನಗೆ ಬೇಕಾದಾಗ ಬಳಕೆದಾರನಿಂದ ಮಾಹಿತಿಯನ್ನು ಕೇಳುತ್ತಿತ್ತು, ಉತ್ತರ ಬಂದ ಮೇಲೆ ಮುಂದುವರಿಯುತ್ತಿತ್ತು. ಯಾವುದು ಯಾವಾಗ ನಡೆಯಬೇಕೆಂಬ ಅಧಿಕಾರ ಪೂರ್ತಿಯಾಗಿ ಅದರ ಕೈಯಲ್ಲೇ ಇತ್ತು. ಕಿಟಕಿ, ಮೆನು, ಮೌಸ್‌ಗಳು ಬಂದ ಮೇಲೆ ಈ ಸಂಬಂಧ ತಿರುಗುಮುರುಗಾಯಿತು. ಬಳಕೆದಾರ ಯಾವ ಕ್ಷಣದಲ್ಲಿ ಯಾವ ಬಟನ್ನನ್ನಾದರೂ ಒತ್ತಬಹುದು, ಯಾವ ಮೆನುವನ್ನಾದರೂ ತೆರೆಯಬಹುದು. ಪ್ರೋಗ್ರಾಂ ಕಾಯುತ್ತ ಕುಳಿತು, ಘಟನೆ ನಡೆದಾಗ ಎಚ್ಚೆತ್ತು ಉತ್ತರ ಕೊಡಬೇಕು. ಆಗ ಪ್ರೋಗ್ರಾಂ ಎಂಬುದು ಒಂದೇ ಉದ್ದನೆಯ ಬರಹವಾಗಿ ಉಳಿಯದೆ, ಪರದೆಯ ಬೇರೆ ಬೇರೆ ವಸ್ತುಗಳಿಗೆ ಅಂಟಿಕೊಂಡ ಅನೇಕ ಚಿಕ್ಕ ಬರಹಗಳಾಗಿ ಒಡೆಯಿತು. ಒಡೆದ ಮೇಲೆ ಯಾವ ತುಣುಕನ್ನು ಎಲ್ಲಿಡಬೇಕೆಂಬ ಪ್ರಶ್ನೆ ತಾನಾಗಿ ಹುಟ್ಟಿಕೊಂಡಿತು.

ಹೈಪರ್‌ಕಾರ್ಡ್ ಹಾಕಿಕೊಟ್ಟ ಮೆಟ್ಟಿಲುಗಳು

ಈ ಪ್ರಶ್ನೆಯನ್ನು ಸಾಮಾನ್ಯ ಜನರ ಮುಂದೆ ಮೊದಲು ಸ್ಪಷ್ಟವಾಗಿ ತಂದಿಟ್ಟ ತಂತ್ರಾಂಶಗಳಲ್ಲಿ ಹೈಪರ್‌ಕಾರ್ಡ್ ಮುಖ್ಯವಾದುದು. ಆಪಲ್ ಕಂಪನಿಯ ಮ್ಯಾಕಿಂಟಾಷ್ ಕಂಪ್ಯೂಟರುಗಳಿಗಾಗಿ ಬಿಲ್ ಅಟ್ಕಿನ್‌ಸನ್ (1951–2025) ರೂಪಿಸಿದ ಈ ತಂತ್ರಾಂಶ 1987ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. ಅದರೊಳಗಿನ ಹೈಪರ್‌ಟಾಕ್ ಎಂಬ ಭಾಷೆಯನ್ನು ರಚಿಸಿದವರು ಡ್ಯಾನ್ ವಿಂಕ್ಲರ್. ಹೊಸ ಮ್ಯಾಕಿಂಟಾಷ್ ಕೊಂಡವರಿಗೆ ಅದು ಉಚಿತವಾಗಿ ಸಿಗುತ್ತಿದ್ದುದರಿಂದ ಅಧ್ಯಾಪಕರು, ಗ್ರಂಥಪಾಲಕರು, ವೈದ್ಯರು, ಕಲಾವಿದರು ಹೀಗೆ ಪ್ರೋಗ್ರಾಂ ಬರೆಯುವುದನ್ನು ವೃತ್ತಿಯಾಗಿ ಕಲಿಯದ ಅನೇಕರು ಮೊದಲ ಬಾರಿಗೆ ತಮಗೆ ಬೇಕಾದ ತಂತ್ರಾಂಶವನ್ನು ತಾವೇ ಕಟ್ಟಿಕೊಂಡರು. 1993ರಲ್ಲಿ ಹೊರಬಂದು ಜಗತ್ಪ್ರಸಿದ್ಧವಾದ ಮಿಸ್ಟ್ ಎಂಬ ಆಟದ ಮೊದಲ ಆವೃತ್ತಿ ರೂಪುಗೊಂಡದ್ದೂ ಹೈಪರ್‌ಕಾರ್ಡಿನ ಮೇಲೆಯೇ. 2004ರಲ್ಲಿ ಅದರ ಮಾರಾಟ ನಿಂತಿತಾದರೂ ಅದು ರೂಪಿಸಿದ ಆಲೋಚನೆಗಳು ಮುಂದಿನ ಅನೇಕ ತಂತ್ರಾಂಶಗಳಲ್ಲಿ ಇಂದಿಗೂ ಬದುಕಿವೆ.

ಹೈಪರ್‌ಕಾರ್ಡಿನಲ್ಲಿ ಪರದೆಯ ಮೇಲೆ ಒಮ್ಮೆಗೆ ಕಾಣುವ ಪುಟಕ್ಕೆ ಕಾರ್ಡ್ ಎಂದೂ, ಕಾರ್ಡುಗಳ ಕಟ್ಟಿಗೆ ಸ್ಟ್ಯಾಕ್ ಎಂದೂ ಹೆಸರು. ಹಲವು ಕಾರ್ಡುಗಳಿಗೆ ಸಮಾನವಾಗಿ ಬೇಕಾದ ಚಿತ್ರ, ಬಟನ್ ಮತ್ತು ಫೀಲ್ಡ್, ಅಂದರೆ ಅಕ್ಷರ ತುಂಬುವ ಚೌಕ, ಇವುಗಳನ್ನು ಹಿನ್ನೆಲೆ ಎಂಬ ಪದರದಲ್ಲಿ ಇಡಲಾಗುತ್ತಿತ್ತು. ಬಟನ್, ಫೀಲ್ಡ್, ಕಾರ್ಡ್, ಹಿನ್ನೆಲೆ, ಸ್ಟ್ಯಾಕ್ ಇವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಸ್ಕ್ರಿಪ್ಟ್, ಎಂದರೆ ಹ್ಯಾಂಡ್ಲರುಗಳನ್ನು ಬರೆದಿಡುವ ಹಾಳೆ ಇರುತ್ತಿತ್ತು. ಬಟನ್ನಿನ ಮೇಲೆ ಒತ್ತಿದ ಬೆರಳನ್ನು ಮೇಲೆತ್ತಿದಾಗ ಮೌಸ್‌ಅಪ್ ಎಂಬ ಸಂದೇಶ ಹೊರಡುತ್ತಿತ್ತು. ಆ ಬಟನ್ನಿನ ಸ್ಕ್ರಿಪ್ಟಿನಲ್ಲಿ 'ಆನ್ ಮೌಸ್‌ಅಪ್' ಎಂದು ಆರಂಭವಾಗಿ 'ಎಂಡ್ ಮೌಸ್‌ಅಪ್' ಎಂದು ಮುಗಿಯುವ ಹ್ಯಾಂಡ್ಲರ್ ಇದ್ದರೆ ಅದರ ನಡುವಿನ ಆದೇಶಗಳು ನಡೆದು ಸಂದೇಶ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲದಿದ್ದರೆ ಅದು ಎದುರಿಗಿರುವ ಕಾರ್ಡಿಗೆ, ಅಲ್ಲಿಂದ ಹಿನ್ನೆಲೆಗೆ, ಅಲ್ಲಿಂದ ಸ್ಟ್ಯಾಕಿಗೆ, ಅಲ್ಲಿಂದ ಪ್ರತಿ ಬಳಕೆದಾರನ ಕಂಪ್ಯೂಟರಿನಲ್ಲೂ ಇರುತ್ತಿದ್ದ ಹೋಮ್ ಎಂಬ ವಿಶೇಷ ಸ್ಟ್ಯಾಕಿಗೆ, ಕೊನೆಗೆ ಹೈಪರ್‌ಕಾರ್ಡ್ ತಂತ್ರಾಂಶಕ್ಕೇ ತಲುಪುತ್ತಿತ್ತು. ಗ್ರಾಮ ಮಟ್ಟದಲ್ಲಿ ಇತ್ಯರ್ಥವಾಗದ ಅರ್ಜಿ ತಾಲ್ಲೂಕು ಕಚೇರಿಗೂ ಅಲ್ಲಿ ಇತ್ಯರ್ಥವಾಗದಿದ್ದರೆ ಜಿಲ್ಲಾ ಕಚೇರಿಗೂ ಹೋಗುವ ಕ್ರಮವನ್ನು ಬಲ್ಲವರಿಗೆ ಈ ಏರ್ಪಾಡು ಹೊಸದೆನಿಸದು.

ಈ ಸಾಲಿನಲ್ಲಿ ಕಾರ್ಡ್ ಹಿನ್ನೆಲೆಗಿಂತ ಮೊದಲು ಬರುತ್ತದೆ ಎಂಬ ಅಂಶ ಗಮನಿಸತಕ್ಕದ್ದು. ಬಟನ್ ಹಿನ್ನೆಲೆಗೆ ಸೇರಿದ್ದೇ ಆದರೂ ಅದರಿಂದ ಹೊರಟ ಸಂದೇಶ ಎದುರಿಗಿರುವ ಕಾರ್ಡನ್ನು ದಾಟಿಯೇ ಹಿನ್ನೆಲೆಗೆ ಹೋಗುತ್ತಿತ್ತು. ಇದರ ಫಲವಾಗಿ ನೂರು ಕಾರ್ಡುಗಳಿಗೆ ಅನ್ವಯವಾಗುವ ಸಾಮಾನ್ಯ ನಿಯಮವನ್ನು ಹಿನ್ನೆಲೆಯಲ್ಲಿ ಒಮ್ಮೆ ಬರೆದು, ಅವುಗಳಲ್ಲಿ ಒಂದೇ ಕಾರ್ಡು ಬೇರೆ ರೀತಿ ವರ್ತಿಸಬೇಕಾಗಿದ್ದರೆ ಆ ವಿನಾಯಿತಿಯನ್ನು ಆ ಕಾರ್ಡಿನ ಸ್ಕ್ರಿಪ್ಟಿನಲ್ಲಿ ಮಾತ್ರ ಬರೆಯಲು ಸಾಧ್ಯವಾಗುತ್ತಿತ್ತು. ಸಾಮಾನ್ಯ ನಿಯಮ ಮೇಲಿನ ಮೆಟ್ಟಿಲಿನಲ್ಲಿ, ವಿನಾಯಿತಿ ಕೆಳಗಿನ ಮೆಟ್ಟಿಲಿನಲ್ಲಿ ಎಂಬ ಈ ತತ್ತ್ವವೇ ಸಂದೇಶದ ದಾರಿಯ ತಿರುಳು.

ತಡೆಯುವುದು ಮತ್ತು ಮುಂದಕ್ಕೆ ಬಿಡುವುದು

ಹ್ಯಾಂಡ್ಲರ್ ಸಿಕ್ಕಿದ ಕೂಡಲೇ ಸಂದೇಶ ನಿಂತುಬಿಡುತ್ತದೆ ಎಂಬ ನಿಯಮಕ್ಕೆ ಒಂದು ಹೊರದಾರಿ ಉಂಟು. ಹ್ಯಾಂಡ್ಲರಿನೊಳಗೆ 'ಪಾಸ್ ಮೌಸ್‌ಅಪ್' ಎಂದು ಬರೆದರೆ, ತನ್ನ ಪಾಲಿನ ಕೆಲಸ ಮುಗಿದ ಮೇಲೆ ಆ ಮೆಟ್ಟಿಲು ಸಂದೇಶವನ್ನು ಮೇಲಕ್ಕೆ ಬಿಟ್ಟುಕೊಡುತ್ತದೆ. ಪಾಸ್ ಎಂಬ ಈ ಪದ ಇದ್ದರೆ ಕೆಳಗಿನ ಹ್ಯಾಂಡ್ಲರ್ ಮೇಲಿನದಕ್ಕೆ ಪೂರಕವಾಗುತ್ತದೆ, ಇಲ್ಲದಿದ್ದರೆ ಬದಲಿಯಾಗುತ್ತದೆ. ಆದ್ದರಿಂದ ಹ್ಯಾಂಡ್ಲರಿನ ನೆಲೆಯನ್ನು ಕುರಿತ ಯಾವ ತೀರ್ಮಾನವೂ ಸಂದೇಶವನ್ನು ಮುಂದಕ್ಕೆ ಬಿಡಬೇಕೇ ಬೇಡವೇ ಎಂಬ ತೀರ್ಮಾನವಿಲ್ಲದೆ ಪೂರ್ಣವಾಗುವುದಿಲ್ಲ.

ಇದನ್ನು ಮರೆತಾಗ ಏನಾಗುತ್ತದೆ ಎಂಬುದಕ್ಕೆ ಹೈಪರ್‌ಕಾರ್ಡಿನ ಡೂಮೆನು ಎಂಬ ಸಂದೇಶ ಒಳ್ಳೆಯ ನಿದರ್ಶನ. ಬಳಕೆದಾರ ಮೆನುವಿನಿಂದ ಏನನ್ನೇ ಆರಿಸಿಕೊಂಡರೂ, ಆ ಆಯ್ಕೆಯ ಹೆಸರನ್ನು ಹೊತ್ತ ಡೂಮೆನು ಸಂದೇಶ ಕಾರ್ಡಿನಿಂದ ಹೊರಟು ಮೇಲೇರುತ್ತಿತ್ತು, ಹೈಪರ್‌ಕಾರ್ಡನ್ನು ತಲುಪಿದ ಮೇಲಷ್ಟೇ ಆಯ್ಕೆ ಕಾರ್ಯರೂಪಕ್ಕೆ ಬರುತ್ತಿತ್ತು. ಕಾರ್ಡನ್ನು ಅಳಿಸುವ ಮುನ್ನ ಬಳಕೆದಾರನನ್ನು ಒಮ್ಮೆ ಕೇಳಬೇಕೆಂದು ಬಯಸಿದವರು ಸ್ಟ್ಯಾಕಿನ ಸ್ಕ್ರಿಪ್ಟಿನಲ್ಲಿ ಡೂಮೆನು ಹ್ಯಾಂಡ್ಲರ್ ಬರೆದು, ಆಯ್ಕೆ ಕಾರ್ಡನ್ನು ಅಳಿಸುವುದಾಗಿದ್ದರೆ ಪ್ರಶ್ನೆ ಕೇಳುವಂತೆ ಮಾಡುವುದು ಸರಿಯಾದ ಕ್ರಮವೇ. ಆದರೆ ಉಳಿದ ಆಯ್ಕೆಗಳಿಗೆ 'ಪಾಸ್ ಡೂಮೆನು' ಎಂಬ ಒಂದು ಸಾಲನ್ನು ಸೇರಿಸಲು ಮರೆತರೆ ಮೆನುವಿನ ಎಲ್ಲ ಆಯ್ಕೆಗಳೂ ಆ ಹ್ಯಾಂಡ್ಲರಿನಲ್ಲೇ ಸಿಕ್ಕಿಕೊಂಡು, ಆ ಸ್ಟ್ಯಾಕ್ ಎದುರಿಗಿರುವಷ್ಟು ಕಾಲ ಮುದ್ರಿಸುವುದರಿಂದ ಹಿಡಿದು ಹೈಪರ್‌ಕಾರ್ಡಿನಿಂದ ಹೊರಬರುವವರೆಗೆ ಮೆನುವಿನಿಂದ ಯಾವ ಕೆಲಸವೂ ನಡೆಯುತ್ತಿರಲಿಲ್ಲ. ಮೇಲಿನ ಮೆಟ್ಟಿಲಿನಲ್ಲಿ ನಿಂತ ಹ್ಯಾಂಡ್ಲರಿಗೆ ಎಷ್ಟು ವ್ಯಾಪ್ತಿ ಇದೆಯೋ ಅದರ ತಪ್ಪಿಗೂ ಅಷ್ಟೇ ವ್ಯಾಪ್ತಿ ಇರುತ್ತದೆ.

ಮೇಲಿನ ಮೆಟ್ಟಿಲಿನಲ್ಲಿ ನಿಂತ ಹ್ಯಾಂಡ್ಲರಿಗೆ ತನ್ನ ಬಳಿ ಬಂದ ಸಂದೇಶ ಮೂಲತಃ ಎಲ್ಲಿಂದ ಹೊರಟಿತೆಂಬುದೂ ತಿಳಿಯಬೇಕು. ಇದಕ್ಕಾಗಿ ಹೈಪರ್‌ಟಾಕ್ ಎರಡು ಪದಗಳನ್ನು ಒದಗಿಸಿತು. 'ದಿ ಟಾರ್ಗೆಟ್' ಎಂದರೆ ಸಂದೇಶವನ್ನು ಮೊದಲು ಪಡೆದ ವಸ್ತು. 'ಮಿ' ಎಂದರೆ ಈಗ ನಡೆಯುತ್ತಿರುವ ಹ್ಯಾಂಡ್ಲರ್ ಯಾವ ವಸ್ತುವಿನ ಸ್ಕ್ರಿಪ್ಟಿನಲ್ಲಿದೆಯೋ ಆ ವಸ್ತು. ಹ್ಯಾಂಡ್ಲರ್ ಬಟನ್ನಿನಲ್ಲೇ ಇದ್ದಾಗ ಇವೆರಡೂ ಒಂದನ್ನೇ ಸೂಚಿಸುತ್ತವೆ. ಹ್ಯಾಂಡ್ಲರನ್ನು ಕಾರ್ಡಿಗೆ ಎತ್ತಿಟ್ಟ ಕ್ಷಣ ಅವು ಬೇರೆಯಾಗುತ್ತವೆ. ಬಟನ್ನನ್ನು ಮರೆಮಾಡಲೆಂದು 'ಮಿ' ಎಂದು ಬರೆದಿದ್ದ ಸಾಲು ಈಗ ಕಾರ್ಡಿನ ಮೇಲೆ ಕೆಲಸ ಮಾಡಲು ಹೊರಡುತ್ತದೆ. ಹ್ಯಾಂಡ್ಲರನ್ನು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಸಾಗಿಸುವವರು ಮೊದಲು ಪರೀಕ್ಷಿಸಬೇಕಾದದ್ದು ಈ ಎರಡು ಪದಗಳನ್ನು.

ಎಲ್ಲ ಸಂದೇಶಗಳೂ ಕೆಳಗಿನ ಮೆಟ್ಟಿಲಿನಿಂದಲೇ ಹೊರಡುವುದಿಲ್ಲ ಎಂಬುದೂ ಇಲ್ಲಿ ಮುಖ್ಯ. ಕಾರ್ಡು ತೆರೆದಾಗ ಹೊರಡುವ ಓಪನ್‌ಕಾರ್ಡ್ ಸಂದೇಶ ಕಾರ್ಡಿನಿಂದಲೇ ಆರಂಭವಾಗುವುದರಿಂದ ಬಟನ್ನಿನ ಸ್ಕ್ರಿಪ್ಟಿನಲ್ಲಿ ಬರೆದ ಓಪನ್‌ಕಾರ್ಡ್ ಹ್ಯಾಂಡ್ಲರಿಗೆ ಆ ಸಂದೇಶ ಎಂದಿಗೂ ತಲುಪುವುದಿಲ್ಲ. ಅದೇ ಹ್ಯಾಂಡ್ಲರನ್ನು ಸ್ಟ್ಯಾಕಿನಲ್ಲಿಟ್ಟರೆ ಪ್ರತಿಯೊಂದು ಕಾರ್ಡು ತೆರೆದಾಗಲೂ ಅದು ನಡೆಯುತ್ತದೆ. ಬಳಕೆದಾರ ಏನನ್ನೂ ಮಾಡದೆ ಇರುವಾಗ ಮತ್ತೆ ಮತ್ತೆ ಹೊರಡುತ್ತಿದ್ದ ಐಡಲ್ ಎಂಬ ಸಂದೇಶವೂ ಕಾರ್ಡಿನಿಂದಲೇ ಆರಂಭವಾಗುತ್ತಿತ್ತು; ಒಂದು ಕಾರ್ಡಿನ ಗಡಿಯಾರವನ್ನು ತೋರಿಸಲು ಬರೆದ ಐಡಲ್ ಹ್ಯಾಂಡ್ಲರನ್ನು ಸ್ಟ್ಯಾಕಿನಲ್ಲಿಟ್ಟರೆ, ಗಡಿಯಾರವೇ ಇಲ್ಲದ ಕಾರ್ಡುಗಳಲ್ಲೂ ಅದು ಬಿಡುವಿಲ್ಲದೆ ನಡೆದು ಕಂಪ್ಯೂಟರಿನ ವೇಗವನ್ನು ತಗ್ಗಿಸುತ್ತಿತ್ತು. ಹೀಗಾಗಿ ನೆಲೆಯನ್ನು ಆರಿಸುವ ಮೊದಲು ಸಂದೇಶ ಎಲ್ಲಿ ಹುಟ್ಟುತ್ತದೆ ಮತ್ತು ಎಷ್ಟು ಬಾರಿ ಹುಟ್ಟುತ್ತದೆ ಎಂಬ ಎರಡೂ ಸಂಗತಿಗಳು ಗೊತ್ತಿರಬೇಕು.

ವರ್ಣಮಾಲೆಯ ಒಂದು ಉದಾಹರಣೆ

ಹೈಪರ್‌ಕಾರ್ಡಿನ ಪರಂಪರೆಯನ್ನು ಮುಂದುವರಿಸಿದ ತಂತ್ರಾಂಶಗಳಲ್ಲಿ ಇಂದು ಹೆಚ್ಚು ಪರಿಚಿತವಾದುದು ಲೈವ್‌ಕೋಡ್. ಮೆಟಾಕಾರ್ಡ್ ಎಂಬ ಹೆಸರಿನಲ್ಲಿ ಆರಂಭವಾದ ಈ ಎಂಜಿನ್ನನ್ನು ಸ್ಕಾಟ್ಲೆಂಡಿನ ಎಡಿನ್‌ಬರೋದ ಕಂಪನಿಯೊಂದು 2003ರಲ್ಲಿ ಕೊಂಡು ಬೆಳೆಸಿತು, 2010ರಿಂದ ಅದಕ್ಕೆ ಲೈವ್‌ಕೋಡ್ ಎಂಬ ಹೆಸರು ಬಂದಿತು. ಇಂದಿನ ಲೈವ್‌ಕೋಡ್ ಯುನಿಕೋಡನ್ನು ಬೆಂಬಲಿಸುವುದರಿಂದ ಅದರ ಬಟನ್ನುಗಳ ಮೇಲೆ ಕನ್ನಡ ಅಕ್ಷರಗಳನ್ನು ನೇರವಾಗಿ ಬರೆಯಬಹುದು. ಆದ್ದರಿಂದ ಮಕ್ಕಳಿಗೆ ಕನ್ನಡ ವರ್ಣಮಾಲೆಯನ್ನು ಕಲಿಸುವ ಒಂದು ಕಾರ್ಡನ್ನು ಲೈವ್‌ಕೋಡಿನಲ್ಲಿ ಕಟ್ಟುವುದಾದರೆ ಹ್ಯಾಂಡ್ಲರ್ ಎಲ್ಲಿರಬೇಕೆಂಬುದನ್ನು ಹಂತಹಂತವಾಗಿ ಪರಿಶೀಲಿಸಬಹುದು.

ಕಾರ್ಡಿನ ಮೇಲೆ 13 ಸ್ವರ, 2 ಯೋಗವಾಹ, 25 ವರ್ಗೀಯ ವ್ಯಂಜನ, 9 ಅವರ್ಗೀಯ ವ್ಯಂಜನ ಹೀಗೆ ಒಟ್ಟು 49 ಬಟನ್ನುಗಳಿವೆ. ಅಕ್ಷರವನ್ನು ಒತ್ತಿದರೆ ಅದರ ಉಚ್ಚಾರಣೆ ಕೇಳಿಸಬೇಕು. ಪ್ರತಿ ಬಟನ್ನಿನ ಹೆಸರು ಅದರ ಅಕ್ಷರವೇ. ಧ್ವನಿಯ ಕಡತಗಳಿಗೂ ಅದೇ ಹೆಸರು. ಹೊಸಬರು ಸಾಮಾನ್ಯವಾಗಿ ಮೊದಲ ಬಟನ್ನಿನಲ್ಲಿ ಮೌಸ್‌ಅಪ್ ಹ್ಯಾಂಡ್ಲರ್ ಬರೆದು, ಅದು ಸರಿಯಾಗಿ ಕೆಲಸ ಮಾಡಿದ್ದನ್ನು ಕಂಡು, ಉಳಿದ 48 ಬಟನ್ನುಗಳಿಗೆ ನಕಲು ಮಾಡುತ್ತಾರೆ. ಕೆಲಸ ನಡೆಯುತ್ತದೆ. ಆದರೆ ಧ್ವನಿಯ ಜೊತೆಗೆ ಅಕ್ಷರವನ್ನು ದೊಡ್ಡದಾಗಿಯೂ ತೋರಿಸಬೇಕೆಂದು ಅಧ್ಯಾಪಕರು ಕೇಳಿದ ದಿನ 49 ಕಡೆ ತಿದ್ದಬೇಕಾಗುತ್ತದೆ, ಅವುಗಳಲ್ಲಿ ಒಂದೆರಡು ತಪ್ಪಿಹೋದರೆ ಯಾವ ಅಕ್ಷರದಲ್ಲಿ ದೋಷವಿದೆಯೆಂದು ಪ್ರತಿಯೊಂದನ್ನೂ ಒತ್ತಿ ನೋಡಬೇಕಾಗುತ್ತದೆ.

ಇದರಿಂದ ಬೇಸತ್ತವರು ಇನ್ನೊಂದು ತುದಿಗೆ ಹೋಗಿ ಹ್ಯಾಂಡ್ಲರನ್ನು ಕಾರ್ಡಿನ ಸ್ಕ್ರಿಪ್ಟಿಗೆ ಎತ್ತಿಡುತ್ತಾರೆ. ಒತ್ತಿದ ವಸ್ತುವಿನ ಹೆಸರನ್ನು 'ದಿ ಟಾರ್ಗೆಟ್' ಮೂಲಕ ಪಡೆದು ಆ ಹೆಸರಿನ ಧ್ವನಿಯನ್ನು ನುಡಿಸುವ ಒಂದೇ ಹ್ಯಾಂಡ್ಲರ್ 49 ನಕಲುಗಳ ಜಾಗದಲ್ಲಿ ನಿಲ್ಲುತ್ತದೆ. ಆದರೆ ಮಗು ಬಟನ್ನುಗಳ ನಡುವಿನ ಖಾಲಿ ಜಾಗವನ್ನು ಮುಟ್ಟಿದರೂ ಮೌಸ್‌ಅಪ್ ಕಾರ್ಡಿಗೆ ಹೋಗುತ್ತದೆ, ಆಗ ಟಾರ್ಗೆಟ್ ಕಾರ್ಡೇ ಆಗಿರುತ್ತದೆ. ಇನ್ನೂ ಹ್ಯಾಂಡ್ಲರ್ ಬರೆಯದ 'ಹಿಂದೆ' ಎಂಬ ಬಟನ್ನನ್ನು ಒತ್ತಿದರೆ ಆ ಹೆಸರಿನ ಧ್ವನಿಯನ್ನು ಹುಡುಕುವ ಪ್ರಯತ್ನ ನಡೆಯುತ್ತದೆ. ಇವುಗಳನ್ನು ತಡೆಯಲು ಒಂದೊಂದಾಗಿ ಷರತ್ತುಗಳನ್ನು ಸೇರಿಸುತ್ತ ಹೋದರೆ, ಅಕ್ಷರವನ್ನು ನುಡಿಸುವ ಸರಳ ಹ್ಯಾಂಡ್ಲರ್ ಕಾರ್ಡಿನ ಎಲ್ಲ ವಸ್ತುಗಳ ಪಟ್ಟಿಯಾಗಿ ಬೆಳೆಯುತ್ತದೆ.

ಸರಿಯಾದ ನೆಲೆ ಇವೆರಡರ ನಡುವೆ ಇದೆ. ಲೈವ್‌ಕೋಡಿನಲ್ಲಿ ಹಲವು ವಸ್ತುಗಳನ್ನು ಒಂದು ಗುಂಪಾಗಿ ಕಟ್ಟಬಹುದು, ಗುಂಪಿನೊಳಗೆ ಗುಂಪನ್ನೂ ಇಡಬಹುದು, ಗುಂಪಿಗೆ ತನ್ನದೇ ಸ್ಕ್ರಿಪ್ಟ್ ಇರುತ್ತದೆ, ಸಂದೇಶದ ದಾರಿಯಲ್ಲಿ ಅದು ಬಟನ್ನಿನ ನಂತರ, ಕಾರ್ಡಿನ ಮೊದಲು ಬರುತ್ತದೆ. ಸ್ವರ, ಯೋಗವಾಹ, ವರ್ಗೀಯ, ಅವರ್ಗೀಯ ಎಂಬ ನಾಲ್ಕು ಗುಂಪುಗಳನ್ನು ವರ್ಣಮಾಲೆ ಎಂಬ ಒಂದು ಹೊರಗುಂಪಿನಲ್ಲಿ ಸೇರಿಸಿ ಹ್ಯಾಂಡ್ಲರನ್ನು ಆ ಹೊರಗುಂಪಿನಲ್ಲಿ ಬರೆದರೆ, ಅದು ಬೇಕಾದ 49 ಬಟನ್ನುಗಳಿಗೂ ತಲುಪುತ್ತದೆ, ಬೇಡದ ಖಾಲಿ ಜಾಗಕ್ಕೂ 'ಹಿಂದೆ' ಬಟನ್ನಿಗೂ ತಲುಪುವುದಿಲ್ಲ. ಗುಂಪಿನೊಳಗೆ 'ಸ್ವರಗಳು' ಎಂಬಂಥ ತಲೆಬರಹದ ಫೀಲ್ಡುಗಳಿದ್ದರೆ, ಅವುಗಳಿಂದಲೂ ಸಂದೇಶ ಬರುವ ಕಾರಣ, ಟಾರ್ಗೆಟ್ ಬಟನ್ ಹೌದೇ ಎಂದು ಆರಂಭದಲ್ಲಿ ಒಮ್ಮೆ ನೋಡಿಕೊಂಡರೆ ಸಾಕು.

ಈ ಏರ್ಪಾಡಿನಲ್ಲಿ ವಿನಾಯಿತಿಗೂ ಅಚ್ಚುಕಟ್ಟಾದ ಸ್ಥಳ ಸಿಗುತ್ತದೆ. ಅನುಸ್ವಾರ ವಿಸರ್ಗಗಳು ಸ್ವತಂತ್ರವಾಗಿ ನಿಲ್ಲದೆ ಬೇರೆ ಅಕ್ಷರಗಳೊಂದಿಗೆ ಬರುತ್ತವೆ ಎಂಬ ವಿವರಣೆಯನ್ನು ಅಂ, ಅಃ ಬಟನ್ನುಗಳನ್ನು ಒತ್ತಿದಾಗ ಮಾತ್ರ ತೋರಿಸಬೇಕಾಗಿದ್ದರೆ, ಯೋಗವಾಹ ಗುಂಪಿನ ಸ್ಕ್ರಿಪ್ಟಿನಲ್ಲಿ ಒಂದು ಚಿಕ್ಕ ಮೌಸ್‌ಅಪ್ ಹ್ಯಾಂಡ್ಲರ್ ಬರೆದು, ವಿವರಣೆಯನ್ನು ತೋರಿಸಿದ ಮೇಲೆ 'ಪಾಸ್ ಮೌಸ್‌ಅಪ್' ಎಂದು ಮುಗಿಸಬಹುದು. ಸಂದೇಶ ಹೊರಗುಂಪಿಗೆ ಏರಿ ಎಂದಿನಂತೆ ಧ್ವನಿ ಕೇಳಿಸುತ್ತದೆ. ಧ್ವನಿ ನುಡಿಸುವ ಹ್ಯಾಂಡ್ಲರಿನಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ. ಯೋಗವಾಹಗಳ ವಿಶೇಷವೇನೆಂಬುದನ್ನು ತಿಳಿಯಬಯಸುವವರು ಯೋಗವಾಹ ಗುಂಪಿನಲ್ಲೇ ನೋಡಬಹುದು.

ಎತ್ತರದಲ್ಲಿರುವ ನೆಲೆಗಳು

ಒಂದೇ ವರ್ತನೆ ಬೇಕಾದ ವಸ್ತುಗಳು ಒಂದೇ ಗುಂಪಿನಲ್ಲಿರದೆ ಬೇರೆ ಬೇರೆ ಕಾರ್ಡುಗಳಲ್ಲಿ ಚದುರಿಕೊಂಡಿರುವುದೂ ಉಂಟು. ಆಗ ಹ್ಯಾಂಡ್ಲರನ್ನು ಸ್ಟ್ಯಾಕಿಗೆ ಏರಿಸಿದರೆ ಸಂಬಂಧವಿಲ್ಲದ ವಸ್ತುಗಳಿಗೂ ಅದು ತಲುಪುತ್ತದೆ, ಪ್ರತಿ ವಸ್ತುವಿನಲ್ಲೂ ಬರೆದರೆ ನಕಲುಗಳ ತೊಂದರೆ ಮರಳಿ ಬರುತ್ತದೆ. ಇದಕ್ಕೆ ಪರಿಹಾರವಾಗಿ ಲೈವ್‌ಕೋಡ್ ಬಿಹೇವಿಯರ್ ಎಂಬ ಸೌಲಭ್ಯವನ್ನು ಒದಗಿಸಿದೆ. ಸ್ಕ್ರಿಪ್ಟನ್ನು ಒಂದು ಕಡೆ ಬರೆದು, ಅದನ್ನು ಹಂಚಿಕೊಳ್ಳಬೇಕಾದ ವಸ್ತುಗಳಿಗೆ ಅದರ ವಿಳಾಸವನ್ನು ಮಾತ್ರ ಕೊಟ್ಟರೆ, ಸಂದೇಶವು ವಸ್ತುವಿನ ಸ್ವಂತ ಸ್ಕ್ರಿಪ್ಟನ್ನು ದಾಟಿದ ಕೂಡಲೇ ಆ ಹಂಚಿಕೆಯ ಸ್ಕ್ರಿಪ್ಟಿಗೆ ಬರುತ್ತದೆ, ಅಲ್ಲಿ 'ಮಿ' ಎಂದರೆ ಸಂದೇಶ ಪಡೆದ ವಸ್ತುವೇ ಆಗಿರುತ್ತದೆ. ವಸ್ತುಗಳು ಎಲ್ಲಿವೆ ಎಂಬುದರ ಮೇಲೆ ನಿಲ್ಲುವ ಹಂಚಿಕೆಗೆ ಗುಂಪು ತಕ್ಕದ್ದು. ವಸ್ತುಗಳು ಎಂಥವು ಎಂಬುದರ ಮೇಲೆ ನಿಲ್ಲುವ ಹಂಚಿಕೆಗೆ ಬಿಹೇವಿಯರ್ ತಕ್ಕದ್ದು.

ಸ್ಟ್ಯಾಕಿನ ಮಟ್ಟದಲ್ಲಿ ಲೈವ್‌ಕೋಡ್ ಬಳಸುವವರು ಎದುರಿಸುವ ಒಂದು ಪ್ರಸಿದ್ಧ ತೊಡಕಿದೆ. ಲೈವ್‌ಕೋಡಿನಲ್ಲಿ ಒಂದು ಮುಖ್ಯ ಸ್ಟ್ಯಾಕಿಗೆ ಹಲವು ಉಪಸ್ಟ್ಯಾಕುಗಳು ಇರಬಹುದು. ಸಂಯೋಜನೆಗಳ ಕಿಟಕಿ, ಸಹಾಯದ ಕಿಟಕಿ ಇತ್ಯಾದಿಗಳನ್ನು ಸಾಮಾನ್ಯವಾಗಿ ಹೀಗೆ ಕಟ್ಟಲಾಗುತ್ತದೆ. ಉಪಸ್ಟ್ಯಾಕಿನಲ್ಲಿ ಹುಟ್ಟಿದ ಸಂದೇಶ ಅಲ್ಲಿ ಉತ್ತರ ಸಿಗದಿದ್ದಾಗ ಮುಖ್ಯ ಸ್ಟ್ಯಾಕಿಗೆ ಏರುತ್ತದೆ. ತಂತ್ರಾಂಶ ಆರಂಭವಾದಾಗ ಮಾಡಬೇಕಾದ ಸಿದ್ಧತೆಗಳನ್ನು ಮುಖ್ಯ ಸ್ಟ್ಯಾಕಿನ ಓಪನ್‌ಸ್ಟ್ಯಾಕ್ ಹ್ಯಾಂಡ್ಲರಿನಲ್ಲಿ ಬರೆದಿದ್ದರೆ, ಬಳಕೆದಾರ ಸಹಾಯದ ಕಿಟಕಿಯನ್ನು ತೆರೆದಾಗ ಅದರ ಓಪನ್‌ಸ್ಟ್ಯಾಕ್ ಸಂದೇಶವೂ ಅದೇ ಹ್ಯಾಂಡ್ಲರನ್ನು ಮುಟ್ಟಿ, ಆರಂಭದ ಸಿದ್ಧತೆಗಳೆಲ್ಲ ಮತ್ತೊಮ್ಮೆ ನಡೆದು, ಬಳಕೆದಾರ ಅಲ್ಲಿಯವರೆಗೆ ಮಾಡಿದ ಬದಲಾವಣೆಗಳು ಅಳಿಸಿಹೋಗಬಹುದು. ಹ್ಯಾಂಡ್ಲರಿನ ಒಳಗಿನ ಸಾಲುಗಳನ್ನು ಎಷ್ಟು ಬಾರಿ ಓದಿದರೂ ಈ ದೋಷ ಕಾಣಿಸುವುದಿಲ್ಲ, ಏಕೆಂದರೆ ಸಾಲುಗಳೆಲ್ಲ ಸರಿಯಾಗಿಯೇ ಇವೆ, ತಪ್ಪಿರುವುದು ನೆಲೆ. ಅದೇ ಹ್ಯಾಂಡ್ಲರನ್ನು ಒಂದು ಮೆಟ್ಟಿಲು ಕೆಳಗಿಳಿಸಿ ಮುಖ್ಯ ಸ್ಟ್ಯಾಕಿನ ಮೊದಲ ಕಾರ್ಡಿನಲ್ಲಿಟ್ಟರೆ ಉಪಸ್ಟ್ಯಾಕುಗಳ ದಾರಿಯಲ್ಲಿ ಆ ಕಾರ್ಡ್ ಬಾರದ ಕಾರಣ ಸಮಸ್ಯೆ ಪರಿಹಾರವಾಗುತ್ತದೆ.

ಸ್ಟ್ಯಾಕಿಗಿಂತ ಮೇಲೆ, ಎಂಜಿನ್ನಿಗಿಂತ ಮೊದಲು, ಅನೇಕ ಸ್ಟ್ಯಾಕುಗಳಿಗೆ ಬೇಕಾದ ಹ್ಯಾಂಡ್ಲರುಗಳನ್ನು ಒಟ್ಟಿಗೆ ಇಡುವ ಗ್ರಂಥಾಲಯ ಸ್ಟ್ಯಾಕುಗಳು ಮತ್ತು ಬ್ಯಾಕ್ ಸ್ಕ್ರಿಪ್ಟುಗಳು ಇವೆ. ದಿನಾಂಕವನ್ನು ಬೇಕಾದ ರೂಪಕ್ಕೆ ತರುವುದು, ಕಡತವನ್ನು ಓದುವುದು ಮೊದಲಾಗಿ ಯಾವ ಒಂದು ಪರದೆಗೂ ಸೇರದ ಸಾಮಾನ್ಯ ಕೆಲಸಗಳಿಗೆ ಅದು ಸರಿಯಾದ ಸ್ಥಾನ. ಹೈಪರ್‌ಕಾರ್ಡಿನ ಕಾಲದಲ್ಲಿ ಅನೇಕರು ಇಂಥವನ್ನು ತಮ್ಮ ಹೋಮ್ ಸ್ಟ್ಯಾಕಿನಲ್ಲಿ ಬರೆದಿಡುತ್ತಿದ್ದರು. ಅವರ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿತ್ತು. ಆದರೆ ಸ್ಟ್ಯಾಕನ್ನು ಗೆಳೆಯರಿಗೆ ಕೊಟ್ಟಾಗ ಗೆಳೆಯರ ಹೋಮ್ ಸ್ಟ್ಯಾಕಿನಲ್ಲಿ ಆ ಹ್ಯಾಂಡ್ಲರುಗಳು ಇಲ್ಲದ ಕಾರಣ ಅದು ನಡುವೆಯೇ ನಿಂತುಬಿಡುತ್ತಿತ್ತು. ಹ್ಯಾಂಡ್ಲರ್ ತಾನು ಸೇವೆ ಸಲ್ಲಿಸುವ ವಸ್ತುವಿನ ಜೊತೆಗೆ ಪ್ರಯಾಣ ಮಾಡಬೇಕೆಂಬುದು ಇದರಿಂದ ಸಿಗುವ ಪಾಠ. 1990ರ ಹೈಪರ್‌ಕಾರ್ಡ್ 2.0 ಆವೃತ್ತಿಯಲ್ಲಿ ಬೇರೆ ಸ್ಟ್ಯಾಕುಗಳನ್ನು ದಾರಿಗೆ ಸೇರಿಸಿಕೊಳ್ಳುವ 'ಸ್ಟಾರ್ಟ್ ಯೂಸಿಂಗ್' ಎಂಬ ಆದೇಶ ಬಂದ ಮೇಲೆ, ಸಾಮಾನ್ಯ ಹ್ಯಾಂಡ್ಲರುಗಳನ್ನು ಪ್ರತ್ಯೇಕ ಸ್ಟ್ಯಾಕಿನಲ್ಲಿಟ್ಟು ಅದನ್ನೂ ಜೊತೆಗೆ ಕಳಿಸುವುದು ಸುಲಭವಾಯಿತು.

ಇದಕ್ಕೆ ತದ್ವಿರುದ್ಧವಾಗಿ ದಾರಿಯ ತೀರ ಆರಂಭದಲ್ಲಿ, ಬಟನ್ನಿಗೂ ಮೊದಲು, ಸಂದೇಶವನ್ನು ಹಿಡಿಯುವ ಫ್ರಂಟ್ ಸ್ಕ್ರಿಪ್ಟ್ ಎಂಬ ನೆಲೆಯೂ ಲೈವ್‌ಕೋಡಿನಲ್ಲಿದೆ. ಬಳಕೆದಾರ ಯಾವಾಗ ಏನನ್ನು ಒತ್ತಿದನೆಂಬುದನ್ನು ದಾಖಲಿಸುವುದಕ್ಕೂ, ದೀರ್ಘವಾದ ಕೆಲಸವೊಂದು ನಡೆಯುತ್ತಿರುವಾಗ ಎಲ್ಲ ಒತ್ತುವಿಕೆಗಳನ್ನು ತಾತ್ಕಾಲಿಕವಾಗಿ ತಡೆಯುವುದಕ್ಕೂ ಇದು ಉಪಯುಕ್ತ. ಆದರೆ ಇಲ್ಲಿ ಕುಳಿತ ಹ್ಯಾಂಡ್ಲರ್ ತೆರೆದಿರುವ ಎಲ್ಲ ಸ್ಟ್ಯಾಕುಗಳ ಎಲ್ಲ ವಸ್ತುಗಳಿಗೂ ಅನ್ವಯಿಸುವುದರಿಂದ, ಇದನ್ನು ನಿತ್ಯದ ಕೆಲಸಕ್ಕೆ ಬಳಸದೆ, ಬಳಸಿದಾಗಲೂ ಕೆಲಸ ಮುಗಿದ ಕೂಡಲೇ ತೆಗೆದುಹಾಕುವುದು ವಿವೇಕ.

ಜಾಲಪುಟಗಳ ದಾರಿ

ಇಂದು ಪ್ರೋಗ್ರಾಂ ಕಲಿಯುವ ಬಹುಪಾಲು ವಿದ್ಯಾರ್ಥಿಗಳು ಸಂದೇಶದ ದಾರಿಯನ್ನು ಎದುರುಗೊಳ್ಳುವುದು ಜಾಲಪುಟಗಳಲ್ಲಿ. 1995ರಲ್ಲಿ ಜಾವಾಸ್ಕ್ರಿಪ್ಟನ್ನು ರಚಿಸಿದ ಬ್ರೆಂಡನ್ ಐಕ್ ಅವರ ಮೇಲೆ ಹೈಪರ್‌ಟಾಕಿನ ಪ್ರಭಾವವಿತ್ತು. ಆನ್‌ಕ್ಲಿಕ್ ಎಂಬಂಥ ಹೆಸರುಗಳಲ್ಲಿ ಆ ನೆನಪು ಉಳಿದಿದೆ. ಆದರೆ ದಾರಿಯ ದಿಕ್ಕು ಯಾವುದಿರಬೇಕೆಂಬ ವಿಷಯದಲ್ಲಿ 1997ರ ಹೊತ್ತಿಗೆ ಎರಡು ಮುಖ್ಯ ಬ್ರೌಸರುಗಳು ಎರಡು ದಿಕ್ಕು ಹಿಡಿದಿದ್ದವು. ನೆಟ್‌ಸ್ಕೇಪಿನ ನಾಲ್ಕನೆಯ ಆವೃತ್ತಿಯಲ್ಲಿ ಘಟನೆಯನ್ನು ಮೊದಲು ಮೇಲಿನ ಮಟ್ಟ ಹಿಡಿಯಬಹುದಾಗಿತ್ತು; ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ನಾಲ್ಕನೆಯ ಆವೃತ್ತಿಯಲ್ಲಿ ಅದು ಒತ್ತಿದ ವಸ್ತುವಿನಿಂದ ಹೊರಟು ಮೇಲಕ್ಕೆ ಏರುತ್ತಿತ್ತು. ಎರಡೂ ಬ್ರೌಸರುಗಳಲ್ಲಿ ಕೆಲಸ ಮಾಡಬೇಕಾದ ಪುಟಗಳನ್ನು ಬರೆಯುವವರಿಗೆ ಇದರಿಂದ ಬಹಳ ಕಷ್ಟವಾಯಿತು. ಜಾಲದ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2000ದ ನವೆಂಬರಿನಲ್ಲಿ ಪ್ರಕಟಿಸಿದ ಶಿಫಾರಸು ಎರಡು ದಿಕ್ಕುಗಳನ್ನೂ ಒಂದೇ ಪ್ರಯಾಣದಲ್ಲಿ ಜೋಡಿಸಿತು. ಅದರಂತೆ ಘಟನೆ ಮೊದಲು ಪುಟದ ಮೇಲ್ಮಟ್ಟದಿಂದ ಒತ್ತಿದ ವಸ್ತುವಿನವರೆಗೆ ಇಳಿಯುತ್ತದೆ, ಇದು ಕ್ಯಾಪ್ಚರ್ ಹಂತ. ಅನಂತರ ವಸ್ತುವನ್ನು ಮುಟ್ಟಿ ಅದೇ ದಾರಿಯಲ್ಲಿ ಮೇಲೇರುತ್ತದೆ, ಇದು ಬಬ್ಲಿಂಗ್ ಹಂತ. ಲೈವ್‌ಕೋಡಿನ ಫ್ರಂಟ್ ಸ್ಕ್ರಿಪ್ಟ್ ಮಾಡುವ ಕೆಲಸವನ್ನು ಇಲ್ಲಿ ಕ್ಯಾಪ್ಚರ್ ಮಾಡುತ್ತದೆ, ಗುಂಪು ಮತ್ತು ಕಾರ್ಡುಗಳ ಕೆಲಸವನ್ನು ಬಬ್ಲಿಂಗ್ ಮಾಡುತ್ತದೆ.

ಹೈಪರ್‌ಟಾಕಿಗೂ ಜಾಲಪುಟಕ್ಕೂ ಮೂಲಭೂತವಾದ ಒಂದು ವ್ಯತ್ಯಾಸವಿದೆ, ಒಂದರಿಂದ ಇನ್ನೊಂದಕ್ಕೆ ಹೋಗುವವರು ಅದನ್ನು ಮರೆಯುವಂತಿಲ್ಲ. ಹೈಪರ್‌ಟಾಕಿನಲ್ಲಿ ಹ್ಯಾಂಡ್ಲರ್ ಸಿಕ್ಕರೆ ಸಂದೇಶ ತಾನಾಗಿ ನಿಲ್ಲುತ್ತದೆ, ಮುಂದುವರಿಯಬೇಕಾದರೆ ಪಾಸ್ ಎಂದು ಹೇಳಬೇಕು. ಜಾಲಪುಟದಲ್ಲಿ ಘಟನೆ ತಾನಾಗಿ ಮುಂದುವರಿಯುತ್ತದೆ, ನಿಲ್ಲಬೇಕಾದರೆ 'ಸ್ಟಾಪ್‌ಪ್ರಾಪಗೇಷನ್' ಎಂದು ಹೇಳಬೇಕು. ಮೊದಲನೆಯದರಲ್ಲಿ ಮರೆವಿನಿಂದ ಆಗುವ ತಪ್ಪು ಸಂದೇಶ ತಲುಪದೆ ಹೋಗುವುದು. ಎರಡನೆಯದರಲ್ಲಿ ಅದೇ ಒತ್ತುವಿಕೆಗೆ ಎರಡು ಮೂರು ಮಟ್ಟಗಳಲ್ಲಿ ಉತ್ತರ ಬರುವುದು. ಇದಲ್ಲದೆ ಕೆಲವು ಘಟನೆಗಳು ಮೇಲೇರುವುದೇ ಇಲ್ಲ. ಬರೆಯುವ ಚೌಕಕ್ಕೆ ಬಳಕೆದಾರ ಪ್ರವೇಶಿಸಿದಾಗ ಹುಟ್ಟುವ ಫೋಕಸ್ ಎಂಬುದು ಅಂಥದೊಂದು. ಅದನ್ನು ಮೇಲಿನ ಮಟ್ಟದಲ್ಲಿ ಹಿಡಿಯಬಯಸುವವರು ಮೇಲೇರುವ ಗುಣವುಳ್ಳ ಫೋಕಸ್‌ಇನ್ ಘಟನೆಯನ್ನು ಬಳಸಬಹುದು.

ಉದ್ದನೆಯ ಪಟ್ಟಿಯೊಂದರ ನೂರಾರು ಸಾಲುಗಳಿಗೆ ನೂರಾರು ಹ್ಯಾಂಡ್ಲರುಗಳನ್ನು ಅಂಟಿಸುವ ಬದಲು, ಪಟ್ಟಿಗೇ ಒಂದು ಹ್ಯಾಂಡ್ಲರ್ ಇಟ್ಟು, ಒತ್ತಿದ ಸಾಲು ಯಾವುದೆಂದು ಟಾರ್ಗೆಟ್ ಮೂಲಕ ತಿಳಿಯುವ ವಿಧಾನವನ್ನು ಜಾಲಪುಟಗಳ ಕ್ಷೇತ್ರದಲ್ಲಿ ಈವೆಂಟ್ ಡೆಲಿಗೇಷನ್ ಎನ್ನುತ್ತಾರೆ. ವರ್ಣಮಾಲೆಯ ಹೊರಗುಂಪಿನಲ್ಲಿ ಹ್ಯಾಂಡ್ಲರ್ ಇಡುವುದೂ ಇದೇ ವಿಧಾನ. ಪಟ್ಟಿಗೆ ಆಮೇಲೆ ಸೇರಿದ ಹೊಸ ಸಾಲುಗಳಿಗೂ ಹ್ಯಾಂಡ್ಲರ್ ತಾನಾಗಿ ಅನ್ವಯಿಸುವುದು ಇದರ ದೊಡ್ಡ ಅನುಕೂಲ.

ಆದರೆ ಈ ವಿಧಾನವನ್ನೂ ಬೇಕಾದುದಕ್ಕಿಂತ ಎತ್ತರದಲ್ಲಿ ಬಳಸಿದರೆ ತೊಂದರೆ ತಪ್ಪದು ಎಂಬುದಕ್ಕೆ, ಜಾಲಪುಟಗಳನ್ನು ಕಟ್ಟಲು ವ್ಯಾಪಕವಾಗಿ ಬಳಕೆಯಲ್ಲಿರುವ ರಿಯಾಕ್ಟ್ ಎಂಬ ಗ್ರಂಥಾಲಯದ ಇತಿಹಾಸವೇ ಸಾಕ್ಷಿ. ರಿಯಾಕ್ಟ್ ತನ್ನ ಬಹುಪಾಲು ಹ್ಯಾಂಡ್ಲರುಗಳನ್ನು ಪುಟದ ತುತ್ತತುದಿಯಾದ ಡಾಕ್ಯುಮೆಂಟಿಗೆ ಅಂಟಿಸುತ್ತಿತ್ತು. ಒಂದು ಪುಟವನ್ನು ಪೂರ್ತಿಯಾಗಿ ರಿಯಾಕ್ಟಿನ ಒಂದೇ ಆವೃತ್ತಿ ನಡೆಸುತ್ತಿದ್ದಾಗ ಇದರಿಂದ ಬಾಧಕವಿರಲಿಲ್ಲ. ಒಂದೇ ಪುಟದಲ್ಲಿ ರಿಯಾಕ್ಟಿನ ಎರಡು ಆವೃತ್ತಿಗಳು ಒಂದರೊಳಗೊಂದು ಸೇರಿಕೊಂಡಾಗ, ಎರಡರ ಹ್ಯಾಂಡ್ಲರುಗಳೂ ಅದೇ ತುತ್ತತುದಿಯಲ್ಲಿ ಕುಳಿತಿದ್ದುದರಿಂದ, ಒಳಗಿನದು ಘಟನೆಯನ್ನು ನಿಲ್ಲಿಸಲು ಹೇಳಿದರೂ ಹೊರಗಿನದಕ್ಕೆ ಅದು ತಲುಪಿಬಿಡುತ್ತಿತ್ತು. 2020ರ ಅಕ್ಟೋಬರಿನಲ್ಲಿ ಬಂದ ರಿಯಾಕ್ಟ್ 17ರಲ್ಲಿ ಹ್ಯಾಂಡ್ಲರುಗಳನ್ನು ಡಾಕ್ಯುಮೆಂಟಿನಿಂದ ಕೆಳಗಿಳಿಸಿ, ಆಯಾ ರಿಯಾಕ್ಟ್ ಭಾಗವನ್ನು ಒಳಗೊಂಡ ಚೌಕಟ್ಟಿಗೆ ಅಂಟಿಸುವಂತೆ ಬದಲಾಯಿಸಲಾಯಿತು. ನುರಿತ ತಜ್ಞರು ಬರೆದ ತಂತ್ರಾಂಶದಲ್ಲೂ ಹ್ಯಾಂಡ್ಲರನ್ನು ಅದರ ಕೆಲಸಕ್ಕೆ ತಕ್ಕ ಮೆಟ್ಟಿಲಿಗೆ ಇಳಿಸಬೇಕಾಗಿ ಬಂದದ್ದು ಅರ್ಥಪೂರ್ಣವಾಗಿದೆ.

ನೆಲೆಯನ್ನು ನಿರ್ಧರಿಸುವ ಬಗೆ

ಈ ಎಲ್ಲ ನಿದರ್ಶನಗಳಿಂದ ಹೊರಡುವ ಸೂತ್ರವನ್ನು ಸರಳವಾಗಿ ಹೇಳುವುದಾದರೆ, ಹ್ಯಾಂಡ್ಲರ್ ತನ್ನ ಅಗತ್ಯವಿರುವ ಎಲ್ಲ ವಸ್ತುಗಳನ್ನೂ ಒಳಗೊಳ್ಳುವ ಮೆಟ್ಟಿಲುಗಳಲ್ಲಿ ಅತಿ ಕೆಳಗಿನದರಲ್ಲಿ ಇರಬೇಕು. ಅದಕ್ಕಿಂತ ಕೆಳಗಿಟ್ಟರೆ ನಕಲುಗಳು ಹೆಚ್ಚುತ್ತವೆ. ಮೇಲಿಟ್ಟರೆ ಸಂಬಂಧವಿಲ್ಲದ ವಸ್ತುಗಳ ಸಂದೇಶಗಳೂ ಅದರೊಳಗೆ ನುಗ್ಗುತ್ತವೆ. ಹ್ಯಾಂಡ್ಲರಿನ ಆರಂಭದಲ್ಲಿ 'ಇದಾಗಿದ್ದರೆ ಬೇಡ, ಅದಾಗಿದ್ದರೆ ಬೇಡ' ಎಂಬ ಷರತ್ತುಗಳು ಬೆಳೆಯುತ್ತಿದ್ದರೆ ಅದು ಬೇಕಾದುದಕ್ಕಿಂತ ಎತ್ತರದಲ್ಲಿದೆ ಎಂಬುದರ ಲಕ್ಷಣ. ಒಂದೇ ಬಗೆಯ ಸಾಲುಗಳು ಅನೇಕ ಸ್ಕ್ರಿಪ್ಟುಗಳಲ್ಲಿ ಮರಳಿ ಮರಳಿ ಕಾಣುತ್ತಿದ್ದರೆ ಅದು ಬೇಕಾದುದಕ್ಕಿಂತ ಕೆಳಗಿದೆ ಎಂಬುದರ ಲಕ್ಷಣ. ಸಂದೇಶ ಎಲ್ಲಿ ಹುಟ್ಟುತ್ತದೆ, ಹ್ಯಾಂಡ್ಲರ್ ಯಾರಿಗೆ ಬೇಕು, ಬೇಡದಿದ್ದರೂ ಯಾರನ್ನು ತಲುಪುತ್ತದೆ, ಕೆಲಸ ಮುಗಿದ ಮೇಲೆ ಸಂದೇಶ ಮುಂದಕ್ಕೆ ಹೋಗಬೇಕೇ, ವಸ್ತುವನ್ನು ಬೇರೆಡೆಗೆ ಸಾಗಿಸಿದರೆ ಹ್ಯಾಂಡ್ಲರೂ ಜೊತೆಗೆ ಹೋಗುತ್ತದೆಯೇ ಎಂಬ ಐದು ಪ್ರಶ್ನೆಗಳಿಗೆ ಉತ್ತರ ದೊರೆತರೆ ನೆಲೆ ತಾನಾಗಿ ಗೊತ್ತಾಗುತ್ತದೆ.

ಪ್ರೋಗ್ರಾಂ ಕಲಿಸುವವರು ಈ ವಿಷಯವನ್ನು ಪಠ್ಯಕ್ರಮದ ಕೊನೆಗೆ ತಳ್ಳದೆ ಆರಂಭದಲ್ಲೇ ತರುವುದು ಒಳ್ಳೆಯದು. ವಿದ್ಯಾರ್ಥಿ ಮೊದಲ ಹ್ಯಾಂಡ್ಲರನ್ನು ಬರೆಯುವ ಮುನ್ನ, ತನ್ನ ಪರದೆಯ ವಸ್ತುಗಳು ಯಾವುದರೊಳಗೆ ಯಾವುದಿದೆ ಎಂಬುದನ್ನು ಕಾಗದದ ಮೇಲೆ ಬರೆದು, ಒಂದು ಒತ್ತುವಿಕೆಯ ದಾರಿಯನ್ನು ಬೆರಳಿನಿಂದ ತೋರಿಸಿ, ಯಾವ ಕೆಲಸ ಯಾವ ಮಟ್ಟದ ಹೊಣೆ ಎಂದು ಕಾರಣ ಸಹಿತ ಹೇಳುವಂತಾಗಬೇಕು. ಭಾಷೆಗಳು ಬದಲಾಗುತ್ತವೆ, ಹೈಪರ್‌ಟಾಕ್ ಕಲಿತವರು ಜಾವಾಸ್ಕ್ರಿಪ್ಟಿಗೆ ಬಂದಂತೆ ಇಂದಿನವರು ನಾಳೆ ಬೇರೊಂದಕ್ಕೆ ಹೋಗುತ್ತಾರೆ. ಆದರೆ ಪ್ರತಿ ಕೆಲಸದ ಹೊಣೆಯನ್ನು ಅದಕ್ಕೆ ತಕ್ಕ ಮಟ್ಟದಲ್ಲಿ ಒಪ್ಪಿಸುವ ಅಭ್ಯಾಸ ಯಾವ ಭಾಷೆಯಲ್ಲೂ ಉಪಯೋಗಕ್ಕೆ ಬರುತ್ತದೆ, ಹಾಗೆ ಬರೆದ ತಂತ್ರಾಂಶವನ್ನು ಅದನ್ನು ಬರೆಯದ ಇನ್ನೊಬ್ಬರೂ ಧೈರ್ಯದಿಂದ ತಿದ್ದಬಹುದು.